ಮುಖ್ಯ ಅತಿಥಿಯ ಕಾಲು ತುಳಿದದ್ದು

ಹೋದ ಭಾನುವಾರ ನಾನು ಒಬ್ಬ ಹಿರಿಯರ ಕಾಲು ತುಳಿದೆ. ಗೊತ್ತಿಲ್ಲದೆ ಅಲ್ಲ, ಬೇಕೆಂದೇ. ಅದೂ ಸ್ಟೇಜಿನ ಮೇಲೆ, ನ್ಯೂರೆಂಬರ್ಗಿನ ಕನ್ನಡಿಗರೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ, ಮೈಸೂರು ಸಿಲ್ಕ್ ಸೀರೆ ಉಟ್ಟುಕೊಂಡು.

ತುಳಿಸಿಕೊಂಡವರು ನಮ್ಮ ರಾಜ್ಯೋತ್ಸವದ ಮುಖ್ಯ ಅತಿಥಿ. ಅಮೆರಿಕದವರು. ತಲೆಯ ಮೇಲೆ ನಾವೇ ತೊಡಿಸಿದ ಮೈಸೂರು ಪೇಟ ಇತ್ತು. (ಉಡುಪಿಯಲ್ಲಿರುವ ನನ್ನ ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಆದರೆ ಅವರು ಈ ಪೇಪರ್ ತರಿಸುತ್ತಾರೆ. ಹಾಗಾಗಿ ಮಧ್ಯಾಹ್ನದೊಳಗೆ ಫೋನ್ ಬರುತ್ತದೆ.)

ಯಾಕೆ ತುಳಿದೆ? ಅದನ್ನು ಹೇಳಬೇಕಾದರೆ ಮೊದಲು ಇಲ್ಲಿನ ಚೀಫ್ ಗೆಸ್ಟ್ ಬರಗಾಲದ ಬಗ್ಗೆ ಹೇಳಬೇಕು.

ಜರ್ಮನಿಯಲ್ಲಿ ಈಗ ಎಲ್ಲವೂ ಸಿಗುತ್ತದೆ. ನುಗ್ಗೆಕಾಯಿ ಸಿಗುತ್ತದೆ, ಬಾಳೆಲೆ ಸಿಗುತ್ತದೆ, ಹುಡುಕಿದರೆ ಕುಚ್ಚಲಕ್ಕಿಯೂ ಸಿಗುತ್ತದೆ. ಸಿಗದೇ ಇರುವುದು ಚೀಫ್ ಗೆಸ್ಟ್ ಮಾತ್ರ. ಊರಲ್ಲಾದರೆ ಒಂದೊಂದು ಬೀದಿಯಲ್ಲೂ ಮೂರ್ನಾಲ್ಕು ಮಂದಿ ಮಾಜಿಗಳು ಇರುತ್ತಾರೆ. ಮಾಜಿ ಶಾಸಕರು, ಮಾಜಿ ಪ್ರಿನ್ಸಿಪಾಲರು, ಮಾಜಿ ಬ್ಯಾಂಕ್ ಮ್ಯಾನೇಜರು. ಇಲ್ಲಿ ಎಲ್ಲರೂ ಹಾಲಿಗಳು. ಎಲ್ಲರಿಗೂ ಸೋಮವಾರ ಆಫೀಸಿದೆ.

ಈ ಸಲ ಬರುತ್ತೇನೆಂದು ಒಪ್ಪಿದ್ದ ಸಿನಿಮಾ ನಟರೊಬ್ಬರಿಗೆ ವೀಸಾ ಆಗಲಿಲ್ಲ. ನಮ್ಮ ಕನ್ನಡ ಬಳಗದ ಅಧ್ಯಕ್ಷರು ಶ್ರೀಧರಮೂರ್ತಿ, ಮೈಸೂರಿನವರು. ಒಳ್ಳೆಯ ಮನುಷ್ಯ. ಹೊಸದಾಗಿ ಬಂದ ಹುಡುಗರನ್ನು ಏರ್‌ಪೋರ್ಟಿನಿಂದ ಕರೆತರುವವರು ಅವರೇ, ಮನೆ ಹುಡುಕಿಕೊಡುವವರು ಅವರೇ, ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಹೊರುವವರೂ ಅವರೇ. ಒಂದೇ ಕಾಯಿಲೆ. ಮೈಕ್ ಕೈಗೆ ಸಿಕ್ಕರೆ ಬಿಡುವುದಿಲ್ಲ.

ಅವರು ನಮ್ಮ ಮನೆಗೆ ಫೋನ್ ಮಾಡಿ ಗೋಳಾಡಿದರು. ಫೋನ್ ಎತ್ತಿದ್ದು ಬಳಗದ ಕಾರ್ಯದರ್ಶಿ, ಅಂದರೆ ನನ್ನ ಗಂಡ ಸದಾನಂದ. ವೇದಿಕೆಯ ನಡುವಿನ ಕುರ್ಚಿಯಲ್ಲಿ ಯಾರನ್ನು ಕೂರಿಸುವುದು ಎಂಬುದು ಅಧ್ಯಕ್ಷರ ಸಂಕಟ. ಸದಾನಂದ ಚಾವಣಿ ನೋಡಿದರು. ಮೇಲಿನ ಮನೆಯಲ್ಲಿ ಬ್ಯಾಂಜೊ ನುಡಿಯುತ್ತಿತ್ತು. ಆಯ್ಕೆ ಸಮಿತಿಯ ಸಭೆ ಅಷ್ಟೇ.

ಮೇಲಿನ ಮನೆಯವರ ಹೆಸರು ವೆಂಡೆಲ್. ಎಪ್ಪತ್ತು ದಾಟಿ ಬಹಳ ಕಾಲವಾಗಿದೆ. ಕೋಲು ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ, ನಮ್ಮ ಪಾರ್ಸೆಲ್‌ಗಳನ್ನು ತೆಗೆದಿಡುತ್ತಾರೆ, ನನ್ನ ಮಗಳು ಅನ್ವಿಗೆ ಚಾಕೊಲೇಟ್ ಕೊಡುತ್ತಾರೆ. ಅವಳು ಅವರನ್ನು ಓಪಾ ವೆಂಡೆಲ್ ಎನ್ನುತ್ತಾಳೆ. ಓಪಾ ಎಂದರೆ ಅಜ್ಜ. ನಾನು ಕನ್ನಡದಲ್ಲಿ 'ವೆಂಡೆಲ್ ಅಜ್ಜ ಅನ್ನು' ಎಂದರೆ ಅವಳು ಜರ್ಮನ್‌ನಲ್ಲಿ, ಅದು ಅವರಿಗೆ ಅರ್ಥವಾಗುವುದಿಲ್ಲ ಎನ್ನುತ್ತಾಳೆ. ಈ ಜಗಳ ಇಲ್ಲಿ ಬೇಡ.

ಕರೆದಾಗ ವೆಂಡೆಲ್ ಸಂತೋಷದಿಂದ ಒಪ್ಪಿದರು. ಒಂದೇ ಪ್ರಶ್ನೆ ಕೇಳಿದರು. ನಾನು ಎಷ್ಟು ಗಂಟೆಗೆ ನುಡಿಸಬೇಕು?

ಸದಾನಂದ ತಬ್ಬಿಬ್ಬಾದರು. ಚೀಫ್ ಗೆಸ್ಟ್ ಎಂದರೆ ನಮ್ಮಲ್ಲಿ ಕೂರುವ ಹುದ್ದೆ. ಏನಾದರೂ ಮಾಡಲು ಯಾರಾದರೂ ಚೀಫ್ ಗೆಸ್ಟನ್ನು ಕರೆಯುತ್ತಾರೆಯೇ? ನಮ್ಮ ಅತಿಥಿಗಳು ಈವರೆಗೆ ಕೇಳಿದ್ದೆಲ್ಲ, ಎಷ್ಟು ಗಂಟೆಗೆ ಹೊರಡಬಹುದು ಎಂದು. ಕೊನೆಗೆ ವಂದನಾರ್ಪಣೆಗೆ ಮೊದಲು 'ಅತಿಥಿಗಳಿಂದ ಬ್ಯಾಂಜೊ' ಎಂದು ಒಂದು ಸಾಲು ಸೇರಿತು. (ಅಧ್ಯಕ್ಷರು ನಮ್ಮ ಆರ್ಕೆಸ್ಟ್ರಾಗಳಲ್ಲಿ ಬರುವ, ಟೈಪ್‌ರೈಟರಿನ ಹಾಗೆ ಗುಂಡಿ ಒತ್ತುವ ಬ್ಯಾಂಜೊ ಎಂದುಕೊಂಡಿದ್ದರು. ಇದು ಬೇರೆ. ತಮಟೆಗೆ ಉದ್ದದ ಹಿಡಿ ಹಾಕಿ ಐದು ತಂತಿ ಬಿಗಿದ ಹಾಗಿರುತ್ತದೆ.)

ಅತಿಥಿಗಳ ಪರಿಚಯ ಭಾಷಣದ ಹೊಣೆ ನನ್ನ ತಲೆಗೆ ಬಂತು. ಅಂಕಣ ಬರೆಯುವವಳಲ್ಲವೇ, ಬಿಟ್ಟಿ ಬರವಣಿಗೆ ಎಲ್ಲ ನನಗೇ. ಒಂದು ಡಬ್ಬ ಕೋಡುಬಳೆ ಹಿಡಿದು ಮೇಲಿನ ಮನೆಗೆ ಹೋದೆ.

ವೆಂಡೆಲ್ ಹುಟ್ಟಿದ್ದು ಅಮೆರಿಕದ ಕೆಂಟಕಿಯಲ್ಲಿ, ಗುಡ್ಡಗಳ ನಡುವಿನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದರು. ಬ್ಯಾಂಜೊ ಕಲಿಸಿದ್ದು ಅಮ್ಮ. ಒಲೆಯ ಕಡೆ ಮುಖ ಮಾಡಿಕೊಂಡೇ ಪಾಠ. ಮಗ ತಪ್ಪು ನುಡಿಸಿದರೆ ತಿರುಗಿಯೂ ನೋಡದೆ 'ಇನ್ನೊಮ್ಮೆ' ಎನ್ನುತ್ತಿದ್ದರಂತೆ. ಊರಿನ ಪಾದ್ರಿಗೆ ಬ್ಯಾಂಜೊ ಕಂಡರೆ ಆಗುತ್ತಿರಲಿಲ್ಲ, ಅದು ಜನರನ್ನು ಕುಣಿಸುವ ವಾದ್ಯ. ಹಾಗಾಗಿ ಭಾನುವಾರ ಬ್ಯಾಂಜೊ ಹಿಟ್ಟಿನ ಡಬ್ಬದ ಹಿಂದೆ ಅಡಗಿರುತ್ತಿತ್ತು. (ನ್ಯೂರೆಂಬರ್ಗಿನ ನಮ್ಮ ಬಿಲ್ಡಿಂಗಿನಲ್ಲೂ ಭಾನುವಾರ ನುಡಿಸುವಂತಿಲ್ಲ. ಅಲ್ಲಿ ದೇವರ ಭಯ, ಇಲ್ಲಿ ಅಕ್ಕಪಕ್ಕದವರ ಭಯ.)

ದೊಡ್ಡವರಾದ ಮೇಲೆ ಎದುರಿಗಿದ್ದದ್ದು ಎರಡೇ ದಾರಿ, ಗಣಿ ಅಥವಾ ಸೈನ್ಯ. ಸೈನ್ಯ ಸೇರಿದರು. ಸೈನ್ಯ ಅವರನ್ನು ಇಲ್ಲಿಗೆ ತಂದು ಆಲೂಗಡ್ಡೆ ಸುಲಿಯಲು ಕೂರಿಸಿತು. ಒಂದು ರಜೆಯ ದಿನ ತಂತಿ ಕೊಳ್ಳಲು ಮ್ಯೂಸಿಕ್ ಅಂಗಡಿಗೆ ಹೋದಾಗ, ಪಿಟೀಲಿನ ತಂತಿ ಕೊಳ್ಳಲು ಬಂದಿದ್ದ ಒಬ್ಬಳು ಸಿಕ್ಕಿದಳು. ಹೆಸರು ಗೆರ್ಡಾ. ಅಂಚೆ ಹಂಚುವ ಕೆಲಸ. ಸೈನ್ಯದ ಅವಧಿ ಮುಗಿದರೂ ವೆಂಡೆಲ್ ವಾಪಸು ಹೋಗಲಿಲ್ಲ.

ಇಬ್ಬರೂ ಸೇರಿ ಒಂದು ಬ್ಲೂಗ್ರಾಸ್ ಬ್ಯಾಂಡ್ ಕಟ್ಟಿದರು. ಗೆರ್ಡಾ ಪಿಟೀಲು, ಒಬ್ಬ ಬೇಕರಿಯವ ಮ್ಯಾಂಡೊಲಿನ್, ಒಬ್ಬ ಟ್ರ್ಯಾಮ್ ಡ್ರೈವರ್ ಆಳೆತ್ತರದ ಬೇಸ್ ವಾದ್ಯ. ಟ್ರ್ಯಾಮ್ ಡ್ರೈವರನ ಡ್ಯೂಟಿ ನೋಡಿಕೊಂಡು ಪ್ರೋಗ್ರಾಂ. ಬ್ಲೂಗ್ರಾಸ್ ಎಂದರೆ ಏನೆಂದು ಕೇಳಿದೆ. ಅವರು ತಮ್ಮ ಗುಡ್ಡಗಾಡಿನ ಹಾಡೊಂದನ್ನು ನುಡಿಸಿ ಸಾಹಿತ್ಯದ ಅರ್ಥ ಹೇಳಿದರು. ಅಮ್ಮ ಸತ್ತಳು, ಮನೆ ಮುಳುಗಿತು, ಹುಡುಗಿ ರೈಲು ಹತ್ತಿ ಹೋದಳು. ರಾಗ ಮಾತ್ರ ಎದ್ದು ಕುಣಿ ಎನ್ನುತ್ತಿತ್ತು. ನಮ್ಮ ಮದುವೆ ಮನೆಗಳಿಗೆ ಹೇಳಿ ಮಾಡಿಸಿದ ಸಂಗೀತ.

ಬಿಯರ್ ಟೆಂಟುಗಳಲ್ಲಿ, ಊರ ಹಬ್ಬಗಳಲ್ಲಿ ನುಡಿಸಿದರು. ಜರ್ಮನ್ನರಿಗೆ ಕೌಬಾಯ್ ಹುಚ್ಚು ಬಹಳ. ಟೆಂಟಿನ ತುಂಬ ಹ್ಯಾಟು, ಬೂಟು, ಸೊಂಟಕ್ಕೆ ಆಟಿಕೆ ಪಿಸ್ತೂಲು. ಇಸ್ತ್ರಿ ಮಾಡಿದ ಶರ್ಟು ಹಾಕಿ ಬರಿದಲೆಯಲ್ಲಿ ನಿಂತಿದ್ದವರು ಒಬ್ಬರೇ, ನಿಜವಾದ ಅಮೆರಿಕನ್. ಒಬ್ಬ ಆಯೋಜಕ ಬಂದು, ನೀವು ಅಮೆರಿಕನ್ನರ ಹಾಗೆ ಕಾಣಿಸುತ್ತಿಲ್ಲ, ಹ್ಯಾಟು ಹಾಕಿಕೊಳ್ಳಿ ಎಂದನಂತೆ.

ಒಮ್ಮೆ ಆಸೆಯಿಂದ ಅಮೆರಿಕದ ಟೆನೆಸ್ಸಿಯ ದೊಡ್ಡ ಉತ್ಸವಕ್ಕೆ ಹೋದರು. ಅಲ್ಲಿಯವರು ಬೆನ್ನು ತಟ್ಟಿ, ಚೆನ್ನಾಗಿದೆ, ಆದರೆ ಜರ್ಮನ್ನರ ಹಾಗೆ ನುಡಿಸುತ್ತೀರಿ ಎಂದರು. ವಾಪಸು ಬಂದರೆ ಇಲ್ಲಿನ ಪೋಸ್ಟರಿನಲ್ಲಿ 'ಅಪ್ಪಟ ಅಮೆರಿಕನ್' ಎಂದು ಬರೆದಿತ್ತು. (ಊರಿಗೆ ಹೋದರೆ ನಾನು 'ಜರ್ಮನಿಯವಳು'. ಇಲ್ಲಿ 'ಆ ಇಂಡಿಯನ್ ಹೆಂಗಸು'. ವೆಂಡೆಲ್ ಮತ್ತು ನಾನು ಇಲ್ಲಿ ಕೋಡುಬಳೆ ಬದಿಗಿಟ್ಟು ಸ್ವಲ್ಪ ಹೊತ್ತು ನಕ್ಕೆವು.)

ಎರಡು ರೆಕಾರ್ಡ್ ಬಂದವು. ಮಾರಾಟವಾಗದೆ ಉಳಿದವು ಇನ್ನೂ ನೆಲಮಾಳಿಗೆಯಲ್ಲಿವೆ. ಹಗಲು ಪೆನ್ಸಿಲ್ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದ್ದರಿಂದ ಮನೆ ನಡೆಯಿತು. ನಮ್ಮ ಆಮಂತ್ರಣದಲ್ಲಿ 'ವಿಶ್ವವಿಖ್ಯಾತ' ಎಂದಿರುವುದನ್ನು ಅನುವಾದಿಸಿ ಹೇಳಿದಾಗ, ಬೇರೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕೇಳಿದರು.

ಅವರ ಬ್ಯಾಂಡಿಗೆ ಇದ್ದದ್ದು ಒಂದೇ ಮೈಕ್. ನಾಲ್ಕು ಮಂದಿ ಅದರ ಸುತ್ತ ನಿಲ್ಲಬೇಕು. ನಿಮ್ಮ ಸರದಿ ಬಂದಾಗ ಮುಂದೆ ಬನ್ನಿ, ನುಡಿಸಿ, ಹಿಂದೆ ಸರಿಯಿರಿ. ಮುಂದೆ ಬರುವುದನ್ನು ಯಾರು ಬೇಕಾದರೂ ಕಲಿಯುತ್ತಾರಂತೆ. ಸರಿಯುವುದನ್ನು ಕಲಿಯಲು ವರ್ಷಗಟ್ಟಲೆ ಬೇಕಂತೆ.

"ನನಗೆ ಅದು ಬರಲೇ ಇಲ್ಲ" ಎಂದರು ವೆಂಡೆಲ್. "ನುಡಿಸುತ್ತ ನುಡಿಸುತ್ತ ಮರೆತುಬಿಡುತ್ತಿದ್ದೆ. ಗೆರ್ಡಾ ಪಕ್ಕಕ್ಕೆ ಬಂದು ನನ್ನ ಕಾಲು ತುಳಿಯುತ್ತಿದ್ದಳು. ನಾನು ನಿಲ್ಲಿಸುತ್ತಿದ್ದೆ. ಈಗ ಅವಳಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ."

ಆಮೇಲೆ ಬಲಗೈ ತೋರಿಸಿದರು. ಹೆಬ್ಬೆರಳಿನ ಬುಡ ಊದಿತ್ತು. ಬ್ಯಾಂಜೊದ ಜೀವವೆಲ್ಲ ಆ ಹೆಬ್ಬೆರಳಿನಲ್ಲೇ. ಕೀಲು ಸವೆದು ಹೋಗಿದೆ, ನಮ್ಮ ಕಾರ್ಯಕ್ರಮ ಮುಗಿದ ಮಂಗಳವಾರವೇ ಆಪರೇಷನ್. ನೋವು ಹೋಗುತ್ತದೆ, ಹಿಂದಿನ ವೇಗ ಬರುತ್ತದೆಂದು ಹೇಳಲಾರೆ ಎಂದಿದ್ದಾರೆ ಡಾಕ್ಟರ್. ಅಂದರೆ ಜನರ ಮುಂದೆ ನುಡಿಸುವುದು ಬಹುಶಃ ಇದೇ ಕೊನೆ. ಬೆರಳು ಬೆಚ್ಚಗಿದ್ದರೆ ಹತ್ತು ನಿಮಿಷ ಕೆಲಸ ಮಾಡುತ್ತದೆ, ಅಷ್ಟು ಸಾಕು. ಅದಕ್ಕೇ ಎಷ್ಟು ಗಂಟೆಗೆ ಎಂದು ಕೇಳಿದ್ದು.

ನಾನು ಮೆಟ್ಟಿಲಿಳಿದು ಬಂದು ಸದಾನಂದರ ಮುಂದೆ ನಿಂತೆ. "ಎಂತ ಬೇಕಾದ್ರೂ ಮಾಡಿ ಮಾರಾಯ್ರೆ, ಆ ಹತ್ತು ನಿಮಿಷ ಮಾತ್ರ ತಪ್ಪಬಾರದು" ಎಂದೆ. ಅವರು ತಪ್ಪುವುದಿಲ್ಲ ಮಾರಾಯ್ತಿ ಎಂದರು. ಕಾರ್ಯದರ್ಶಿಗಳ ಮಾತು.

ಭಾನುವಾರ ಬಂತು. ಚರ್ಚಿನವರ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದೆವು, ಆರು ಗಂಟೆಯವರೆಗೆ. ಆರೂವರೆಗೆ ಅಲ್ಲಿ ಮೊಲ ಸಾಕುವವರ ಸಂಘದ ಸಭೆ. (ನಗಬೇಡಿ. ಇಲ್ಲಿ ಮೊಲದವರಿಗೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಇರುತ್ತಾರೆ.) ಹಾಲ್ ನೋಡಿಕೊಳ್ಳುವ ಹೆರ್ ಕ್ರಾಫ್ಟ್, ಅಂದರೆ ಶ್ರೀಯುತ ಕ್ರಾಫ್ಟ್, ಬೀಗದ ಕೈ ಗೊಂಚಲು ಕುಣಿಸುತ್ತ, ಆರು ಎಂದರೆ ಗುಡಿಸಿ ಒರೆಸಿ ಆರು ಎಂದು ಮೊದಲೇ ಎಚ್ಚರಿಸಿದ್ದರು.

ಕಾರ್ಯಕ್ರಮ ಎರಡು ಗಂಟೆಗೆ. ವೆಂಡೆಲ್ ಒಂದೂವರೆಗೇ ಬಂದು ಕೂತಿದ್ದರು. ಉಳಿದ ನಾವು ಬಂದು ಮುಗಿದಾಗ ಮೂರಾಗಿತ್ತು. ಒಂದು ಗಂಟೆ ಸ್ವಾಹಾ.

ದೀಪ ಬೆಳಗಬೇಕಲ್ಲ? ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹೊಗೆ ಕಂಡರೆ ಅಲಾರಂ ಕೂಗುತ್ತದೆ. ಹಾಗಾಗಿ ಬ್ಯಾಟರಿ ದೀಪ. ಐದು ಮಂದಿ ಗಣ್ಯರು ಒಬ್ಬರ ಬೆರಳ ಮೇಲೆ ಒಬ್ಬರು ಬೆರಳಿಟ್ಟು ಒಂದು ಸ್ವಿಚ್ ಒತ್ತಿದರು. ಅದರ ಫೋಟೊ. ಫೋಟೊ ಸರಿ ಬರಲಿಲ್ಲವೆಂದು ದೀಪ ಆರಿಸಿ ಮತ್ತೊಮ್ಮೆ ಬೆಳಗಿದರು. ಆಮೇಲೆ ಪ್ರಾರ್ಥನೆ, ಸ್ವಾಗತ, ಕೋಲಾಟ, ಮಕ್ಕಳ ಫ್ಯಾನ್ಸಿ ಡ್ರೆಸ್. ಮೂವರು ಓಬವ್ವಂದಿರು ಬಂದಿದ್ದರು. ಅವರಲ್ಲಿ ಇಬ್ಬರು ಒನಕೆ ಯಾರದೆಂದು ಜರ್ಮನ್‌ನಲ್ಲಿ ಜಗಳ ಆಡಿದರು.

ನಾನು ವೆಂಡೆಲ್ ಕೈಗೆ ಫಿಲ್ಟರ್ ಕಾಫಿಯ ಬಿಸಿ ಲೋಟ ಕೊಟ್ಟಿದ್ದೆ. ಅವರು ಕುಡಿಯಲಿಲ್ಲ. ಹೆಬ್ಬೆರಳನ್ನು ಲೋಟಕ್ಕೆ ಒತ್ತಿ ಹಿಡಿದು ಕೂತರು. ಅದು ಆರಿದರೆ ನಾನು ಇನ್ನೊಂದು ಕೊಟ್ಟೆ. ಮತ್ತೆ ಇನ್ನೊಂದು. ಕಾಫಿ ಉಸ್ತುವಾರಿಯವರು ನನ್ನನ್ನು ಕೆಕ್ಕರಿಸಿ ನೋಡತೊಡಗಿದರು. ಆಮೇಲೆ ವೆಂಡೆಲ್ ಅವರನ್ನು ಅಡುಗೆಮನೆಗೆ ಕರೆದೊಯ್ದು ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳದ ಮೇಲೆ ಕೈ ಇಡಿಸಿದೆ. ಕಣ್ಣು ಮುಚ್ಚಿ, ಒಳ್ಳೆಯ ವಾಸನೆ ಎಂದರು.

ಐದು ದಾಟಿದ ಮೇಲೆ ಸನ್ಮಾನ ಶುರುವಾಯಿತು. ಹಾರ ಹಾಕಲು ಒಂದು ದಂಪತಿ, ಶಾಲಿಗೆ ಇನ್ನೊಂದು, ಪೇಟಕ್ಕೆ ಮತ್ತೊಂದು, ಹಣ್ಣಿನ ಬುಟ್ಟಿಗೆ ಮಗದೊಂದು. ಯಾರಿಗೂ ಬೇಜಾರಾಗಬಾರದಲ್ಲ. ಎಲ್ಲರದೂ ಫೋಟೊ. ಬುಟ್ಟಿಯಲ್ಲಿ ಅನಾನಸು ಬೇರೆ ಇತ್ತು. ಅದನ್ನು ವೆಂಡೆಲ್ ಆ ಬಲಗೈಯಲ್ಲೇ ಹಿಡಿದರು.

ಆಮೇಲೆ ಅಧ್ಯಕ್ಷರು ಮೈಕಿಗೆ ಬಂದು 'ಎರಡೇ ಎರಡು ಮಾತು' ಎಂದರು.

ಕದಂಬರಿಂದ ಶುರು ಮಾಡಿದರು. ಚಾಲುಕ್ಯರು ಬಂದರು, ರಾಷ್ಟ್ರಕೂಟರು ಬಂದರು. ಹೊಯ್ಸಳರ ಹೊತ್ತಿಗೆ ಹೆರ್ ಕ್ರಾಫ್ಟ್ ಬಾಗಿಲಲ್ಲಿ ಬಂದು ನಿಂತರು. ವಿಜಯನಗರ ಉಚ್ಛ್ರಾಯದಲ್ಲಿದ್ದಾಗ ಅವರ ಹಿಂದೆ ಮೊಲದವರು ಪಂಜರ ಹಿಡಿದು ಬಂದು ಸೇರಿದರು. ಸದಾನಂದ ಕೆಳಗಿನಿಂದ ಕೈಗಡಿಯಾರ ತೋರಿಸಿದರು. ಅಧ್ಯಕ್ಷರು ಅದನ್ನು ಮೆಚ್ಚುಗೆ ಎಂದುಕೊಂಡು ಮೈಸೂರು ಒಡೆಯರ ಕಡೆ ತಿರುಗಿದರು.

ನಾನು ವೆಂಡೆಲ್ ಕಡೆ ನೋಡಿದೆ. ಲೋಟ ಆರಿ ತಣ್ಣಗಾಗಿ ಕುರ್ಚಿಯ ಕೆಳಗಿತ್ತು. ಅವರು ಹೆಬ್ಬೆರಳನ್ನು ಶಾಲಿನೊಳಗೆ ತೂರಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮುಖದಲ್ಲಿ ನಗು ಹಾಗೇ ಇತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಇದೆಂಥ ಗೌರವ ಮಾರಾಯ್ರೆ? ಒಬ್ಬ ಮನುಷ್ಯನಿಗೆ ಹಾರ, ಶಾಲು, ಅನಾನಸು ಎಲ್ಲ ಕೊಟ್ಟು, ಅವನು ಕೇಳಿದ ಹತ್ತು ನಿಮಿಷ ಮಾತ್ರ ಕೊಡದೇ ಇರುವುದು?

ಅಂತೂ ನನ್ನ ಹೆಸರು ಕರೆದರು. ಅತಿಥಿಗಳ ಜೀವನ ಮತ್ತು ಸಾಧನೆ. ನನ್ನ ಕೈಯಲ್ಲಿ ಮೂರು ಹಾಳೆ, ಎರಡೂ ಬದಿ. ಗಣಿ, ಗೆರ್ಡಾ, ಪೆನ್ಸಿಲ್ ಕಾರ್ಖಾನೆ ಎಲ್ಲ ಇತ್ತು. ಒಳ್ಳೆಯ ಭಾಷಣ, ನಾನೇ ಹೇಳಬೇಕು. ಹಾಳೆ ಮಡಚಿ ಬ್ಲೌಸಿಗೆ ಸಿಕ್ಕಿಸಿದೆ.

"ಇವರು ವೆಂಡೆಲ್. ಈಗ ನುಡಿಸುತ್ತಾರೆ" ಎಂದೆ.

ಅಧ್ಯಕ್ಷರು ಕೂತಲ್ಲಿಂದಲೇ ಪಿಸುಗುಟ್ಟಿದರು. "ಮೇಡಂ, ಪೂರ್ತಿ ಓದ್ಬಿಡಿ, ಪರವಾಗಿಲ್ಲ." ನನಗೆ ಕೇಳಿಸಲಿಲ್ಲ. (ಕೇಳಿಸಿತ್ತು. ಆ ಭಾಷಣವನ್ನು ನೀವು ಮೇಲೆ ಓದಿದ್ದೀರಿ. ಬರೆದದ್ದನ್ನು ವೇಸ್ಟ್ ಮಾಡುವವಳಲ್ಲ ನಾನು.)

ವೆಂಡೆಲ್ ಎದ್ದರು. ಹಾರ ತೆಗೆದಿಟ್ಟರು, ಶಾಲಿನ ಮೇಲೇ ಬ್ಯಾಂಜೊದ ಪಟ್ಟಿ ಹಾಕಿದರು, ಪೇಟವನ್ನು ಹಿಂದಕ್ಕೆ ತಳ್ಳಿ ಶುರು ಮಾಡಿದರು.

ಏನು ಹೇಳಲಿ? ತಟ್ಟೆಗಳ ಸದ್ದು ನಿಂತಿತು. ಓಬವ್ವಂದಿರು ಒನಕೆ ಕೆಳಗಿಟ್ಟರು. ಹಿಂದಿನ ಸಾಲಿನ ಹುಡುಗರು 'ಮಗಾ, ಏನ್ ಸ್ಪೀಡು' ಎಂದು ಎದ್ದು ನಿಂತರು. ಮೊಲದವರು ಪಂಜರ ಸಮೇತ ಒಳಗೆ ಬಂದು ಗೋಡೆಗೊರಗಿದರು. ನನ್ನ ಮಗಳು ಫೋನ್ ಕೆಳಗಿಟ್ಟಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೆಯಲ್ಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೆಬ್ಬೆರಳು ಕೈಕೊಡಲು ಶುರು ಮಾಡಿತು. ಒಂದು ಸ್ವರ ಬಿದ್ದು ಹೋಯಿತು, ಆಮೇಲೆ ಇನ್ನೊಂದು. ಆ ರಾಗ ಸುತ್ತಿ ಸುತ್ತಿ ಮೊದಲ ಜಾಗಕ್ಕೇ ಬರುವಂಥದ್ದು. ಬಂದಾಗಲೆಲ್ಲ ಅವರು ನಿಲ್ಲಿಸುವ ಬದಲು ಮತ್ತೊಂದು ಸುತ್ತು ಹೊರಡುತ್ತಿದ್ದರು. ಈ ಸುತ್ತಾದರೂ ತಪ್ಪಿಲ್ಲದೆ ಬರಲಿ ಎಂದೋ ಏನೋ. ಬರಲಿಲ್ಲ, ಇನ್ನೂ ಹೆಚ್ಚು ತಪ್ಪಿತು. ನಮ್ಮವರು ಹುರಿದುಂಬಿಸಲು ತಾಳ ಹಾಕತೊಡಗಿದರು. ಆ ಚಪ್ಪಾಳೆಯ ನಡುವೆ ನಿಲ್ಲಿಸುವುದಾದರೂ ಹೇಗೆ? ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಪೇಟ ಹುಬ್ಬಿನ ಮೇಲೆ ಜಾರಿತ್ತು. ಹೆರ್ ಕ್ರಾಫ್ಟ್ ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದರು.

ಆಗ ವೆಂಡೆಲ್ ತಮ್ಮ ಎಡಗಾಲಿನ ಕಡೆ ನೋಡಿದರು. ಒಂದು ಸಲ. ಮತ್ತೊಂದು ಸಲ.

ಇಡೀ ಹಾಲಿನಲ್ಲಿ ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ.

ನಿಮಗೆ ಗೊತ್ತಲ್ಲ ನಮ್ಮ ಮನೆಗಳ ರಿವಾಜು. ಕಾಲು ಪೇಪರಿಗೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇನ್ನು ಹಿರಿಯರಿಗೆ ತಾಗಿದರೆ ಕೇಳುವುದೇ ಬೇಡ. ಬೇಕೆಂದೇ ತುಳಿಯುವುದೆಂದರೆ? ನನ್ನ ಕಾಲು ಮೇಲೇಳಲೇ ಇಲ್ಲ. ಅಷ್ಟರಲ್ಲಿ ಇನ್ನೊಂದು ಸ್ವರ ಬಿತ್ತು. ದೇವರೇ ಗತಿ ಎಂದು ನೆರಿಗೆ ಎತ್ತಿ ಹಿಡಿದು, ಸ್ಟೇಜಿನ ನಡುವಿಗೆ ಹೋಗಿ, ಅವರ ಪಕ್ಕ ನಿಂತು ತುಳಿದೆ. ಮೆಲ್ಲಗಲ್ಲ, ಸರಿಯಾಗಿಯೇ.

ವೆಂಡೆಲ್ ಮುಖ ಅರಳಿತು. ಆ ಸುತ್ತನ್ನು ಅಲ್ಲಿಗೇ ಹಿಡಿದು, ಎರಡು ಮೀಟು ಹಾಕಿ ಠಕ್ಕೆಂದು ಮುಗಿಸಿದರು. ಎಷ್ಟು ಚಂದದ ಮುಕ್ತಾಯವೆಂದರೆ ಹಿಂದಿನ ತಪ್ಪುಗಳೆಲ್ಲ ಯಾರಿಗೂ ನೆನಪಿರಲಿಲ್ಲ.

ನನ್ನ ಕೈ ನನ್ನ ಮಾತು ಕೇಳಲಿಲ್ಲ. ತುಳಿದ ತಕ್ಷಣ ನಾನು ಬಗ್ಗಿ ಅವರ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ಅಭ್ಯಾಸಬಲ. ಸಭಿಕರಿಗೆ ಕಂಡದ್ದು ಅಷ್ಟೇ. ಅಂಕಣಕಾರ್ತಿ ಮೇಡಂ ಭಾವುಕರಾಗಿ ಕಲಾವಿದರ ಪಾದ ಮುಟ್ಟಿದರು!

ಅಧ್ಯಕ್ಷರ ಕಣ್ಣು ತುಂಬಿ ಬಂತು. ಕೈಗೆತ್ತಿಕೊಂಡಿದ್ದ ಮೈಕ್ ಬಿಟ್ಟರು. ಹೌದು, ತಾವಾಗಿಯೇ ಬಿಟ್ಟರು. ಬಂದು ವೆಂಡೆಲ್ ಕಾಲಿಗೆ ನಮಸ್ಕಾರ ಮಾಡಿದರು. ಅವರ ಹಿಂದೆ ಅವರ ಹೆಂಡತಿ, ಖಜಾಂಚಿ, ಓಬವ್ವಂದಿರು, ಹಿಂದಿನ ಸಾಲಿನ ಹುಡುಗರು. ಒಂದು ಕ್ಯೂ ಬೆಳೆಯಿತು. ವೆಂಡೆಲ್ ಗಾಬರಿಯಿಂದ ಒಬ್ಬೊಬ್ಬರ ಬೆನ್ನು ತಟ್ಟುತ್ತ ಥ್ಯಾಂಕ್ಯೂ ಎನ್ನುತ್ತಿದ್ದರು. ಮೊಲದ ಪಂಜರ ಹಿಡಿದ ಅಜ್ಜಿಯೊಬ್ಬರು, ಇವರು ಅಷ್ಟು ದೊಡ್ಡವರೇ ಎಂದು ಸದಾನಂದರನ್ನು ಕೇಳಿದರಂತೆ. ಸದಾನಂದ 'ವಿಶ್ವವಿಖ್ಯಾತ' ಎಂದರಂತೆ.

ಹೆರ್ ಕ್ರಾಫ್ಟ್ ಮಾತ್ರ ಬಗ್ಗಲಿಲ್ಲ. ಬೀಗದ ಕೈ ಜೇಬಿಗೆ ಹಾಕಿ, ಎರಡೂ ಕೈಗಳಿಂದ ವೆಂಡೆಲ್ ಅವರ ಎಡಗೈ ಹಿಡಿದು ಕುಲುಕಿದರು. ಆಮೇಲೆ ಪೊರಕೆ ತಂದು ನನ್ನ ಕೈಗೆ ಕೊಟ್ಟರು. ವಂದನಾರ್ಪಣೆ ನಡೆಯಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ವೆಂಡೆಲ್, ಬ್ಯಾಂಜೊ, ಅನಾನಸು. ನಾನು ಕ್ಷಮೆ ಕೇಳಲು ತಿರುಗಿದೆ. ಅವರು ಎಡಗಾಲಿನ ಬೂಟು ಬಿಚ್ಚಿ ಬೆರಳು ನೀವಿಕೊಳ್ಳುತ್ತಿದ್ದರು.

"ಗೆರ್ಡಾ ಆಗಿದ್ದರೆ ಇನ್ನೂ ಎರಡು ಸುತ್ತು ಮೊದಲೇ ತುಳಿಯುತ್ತಿದ್ದಳು" ಎಂದರು. ಬೂಟಿಗೆ ಮತ್ತೆ ಕಾಲು ತೂರಿಸಿದರು. "ಆದರೆ ಒಂದು ದಿನವೂ ಬಗ್ಗಿ ಕ್ಷಮೆ ಕೇಳಿದವಳಲ್ಲ."

ಆಪರೇಷನ್ ಆಯಿತು. ಕೈಗೆ ದೊಡ್ಡ ಬ್ಯಾಂಡೇಜು, ಮೇಲಿನ ಮನೆ ಈಗ ಸುಮ್ಮನಿದೆ. ಬ್ಯಾಂಜೊ ಗೋಡೆಯ ಮೊಳೆಯಲ್ಲಿದೆ, ಅದರ ಮೇಲೆ ನಮ್ಮ ಪೇಟ. ವೇಗ ಬರುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಬರದಿದ್ದರೆ ಮುಗಿಸಿಯಾಗಿದೆ, ಚೆನ್ನಾಗಿಯೇ ಮುಗಿಸಿದ್ದೇವೆ ಎನ್ನುತ್ತಾರೆ ವೆಂಡೆಲ್. 'ಮುಗಿಸಿದ್ದೇವೆ' ಎಂದು ನನ್ನನ್ನೂ ಸೇರಿಸಿಕೊಂಡು ಹೇಳುತ್ತಾರೆ.

ಬಳಗದ ಮುಂದಿನ ಮೀಟಿಂಗಿನಲ್ಲಿ ಅಧ್ಯಕ್ಷರ ಪಕ್ಕದ ಕುರ್ಚಿ ನನಗೇ ಬೇಕೆಂದು ಹೇಳಿದ್ದೇನೆ. ಗಟ್ಟಿ ಹಿಮ್ಮಡಿಯ ಚಪ್ಪಲಿಯನ್ನೂ ತೆಗೆದಿಟ್ಟಿದ್ದೇನೆ. ಸದಾನಂದ ನಿನ್ನೆಯಿಂದ ಯಾಕೋ ಸೋಫಾದ ಮೇಲೆ ಕಾಲು ಮಡಚಿಕೊಂಡೇ ಕೂರುತ್ತಿದ್ದಾರೆ.

ಅದಿರಲಿ, ನಿಮ್ಮ ಕಾಲು ತುಳಿಯುವವರು ಇನ್ನೂ ಪಕ್ಕದಲ್ಲಿದ್ದಾರೆ ತಾನೇ?